ಬಸ್ಸು ಬಿಟ್ಟುಹೋದದ್ದು ನನ್ನನ್ನು, ಕೇಸು ತಂಗಿಯದು

ಯಲಬುರ್ಗಾದಿಂದ ಕುಷ್ಟಗಿ ಹತ್ತಿರ, ಗಂಗಾವತಿ ದೂರ. ಈ ಸಂಗತಿ ನಮ್ಮ ಕಡೆಯವರಿಗೆಲ್ಲ ಗೊತ್ತು, ನಮ್ಮ ಅವ್ವನೊಬ್ಬಳನ್ನು ಬಿಟ್ಟು. ಅವ್ವ ಯಲಬುರ್ಗಾದಲ್ಲಿ ಅಣ್ಣ ಮತ್ತು ಅವನ ಹೆಂಡತಿಯ ಜೊತೆ ಇದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಮುಂದಿನ ಕಿರಾಣಿ ಅಂಗಡಿಯನ್ನು ನಡೆಸಿದವಳು ಅವಳೇ. ಈಗ ಗಲ್ಲೆಯ ಮೇಲೆ ಅಣ್ಣ ಕೂತರೂ ಉಸ್ತುವಾರಿ ಅವಳದೇ. ಕುಷ್ಟಗಿಯ ನನ್ನ ಮನೆಗೆ ಬಂದರೆ ಊಟ ಮಾಡಿ ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಾಳೆ. ಗಂಗಾವತಿಯ ತಂಗಿಯ ಮನೆಗೆ ಹೋದರೆ ವಾರಗಟ್ಟಲೆ ಇರುತ್ತಾಳೆ. ಯಾಕೆ ಎಂದು ಕೇಳಿದರೆ, "ನಿನ್ನ ಮನ್ಯಾಗ ನೀರಿನ ತ್ರಾಸ ಐತೆವ್ವಾ, ನಿನಗ್ಯಾಕ ಭಾರ ಆಗ್ಲಿ," ಎನ್ನುತ್ತಾಳೆ. ಒಬ್ಬ ಮುದುಕಿ ಎಷ್ಟು ನೀರು ಕುಡಿದಾಳು ಎಂದು ನಾನು ತಿರುಗಿ ಕೇಳಿಲ್ಲ.

ತಂಗಿಯ ಗಂಡನದು ಭತ್ತದ ವ್ಯಾಪಾರ. ಆನೆಗೊಂದಿಯಲ್ಲಿ ಬಾಳೆ ತೋಟವೂ ಇದೆ. ಹಬ್ಬ ಬಂತೆಂದರೆ ಬೀಗರು, ನೆಂಟರು, ಗುರ್ತಿನವರು ಎನ್ನದೆ ಎಲ್ಲರ ಮನೆಗೂ ಅವಳ ಬಾಳೆಗೊನೆ ಬರುತ್ತದೆ. ನನ್ನ ಮನೆಗೂ ಬರುತ್ತದೆ. ಹಣ್ಣು ಚೆನ್ನಾಗಿಯೇ ಇರುತ್ತವೆ. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಾನು ಮನೆಯಲ್ಲೇ ಮಷೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತೇನೆ. ತಂಗಿಯ ಕುಪ್ಪಸಗಳನ್ನೂ ನಾನೇ ಹೊಲಿಯುವುದು. ಎರಡು ಹೆರಿಗೆಯಾದ ಮೇಲೂ ಅವಳ ಅಳತೆ ಬದಲಾಗಿಲ್ಲ ಎಂಬುದು ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಸಮುದ್ರದ ಮಾತು ಮೊದಲು ಬಂದದ್ದು ನನ್ನ ಮನೆಯಲ್ಲಿ. ಅವ್ವ ನಮ್ಮಲ್ಲಿ ಊಟಕ್ಕೆ ಕೂತಾಗ ಟಿವಿಯಲ್ಲಿ ಕಡಲು ತೋರಿಸುತ್ತಿದ್ದರು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಅಷ್ಟು ನೀರು ಒಂದ ಕಡಿ ನಿಂತಿದ್ದು ನಾ ಕಣ್ಣಿಲೆ ಕಂಡಿಲ್ಲ ನೋಡು," ಎಂದಳು. ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ದಸರಾ ರಜೆಯ ಹೊತ್ತಿಗೆ ಹೊಲಿಗೆಯ ಕೆಲಸ ಮುಗಿಸಿ ಹೊರಡುವುದೆಂದು ಮನಸ್ಸಿನಲ್ಲಿ ಹಾಕಿಕೊಂಡೆ. ಅದನ್ನು ಫೋನಿನಲ್ಲಿ ತಂಗಿಗೆ ಹೇಳಿದ್ದೇ ಹೇಳಿದ್ದು, ಅವಳ ಗಂಡ ಹೋಗುವ ಬರುವ ಟಿಕೆಟ್ಟು, ಮುರ್ಡೇಶ್ವರದಲ್ಲಿ ಕೋಣೆ, ಎಲ್ಲವನ್ನೂ ಮೊಬೈಲಿನಲ್ಲೇ ಬುಕ್ ಮಾಡಿಬಿಟ್ಟ. ಅವ್ವ, ನಾನು, ತಂಗಿ, ಮೂವರೇ ಹೋಗುವುದೆಂದು ನಿಶ್ಚಯವಾಯಿತು. ಅವ್ವ ಅಂಗಡಿಗೆ ಬಂದವರ ಮುಂದೆಲ್ಲ, "ಸಣ್ಣಾಕಿ ಸಮುದ್ರ ತೋರಸಾಕ ಒಯ್ಯಾಕತ್ಯಾಳ," ಎಂದು ಹೇಳತೊಡಗಿದಳು. "ದೊಡ್ಡಾಕಿನೂ ಬರ್ತಾಳ," ಎಂದು ಕೊನೆಗೆ ಸೇರಿಸುತ್ತಿದ್ದಳಂತೆ. ಅದನ್ನು ನನಗೆ ತಿಳಿಸಿದವಳು ಅಣ್ಣನ ಹೆಂಡತಿ, ನಮ್ಮ ವೈನಿ.

ಕಡಲ ದಂಡೆಯಲ್ಲಿ ಅವ್ವ ಬಹಳ ಹೊತ್ತು ದೂರವೇ ನಿಂತಳು. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಂಗಿಯ ಕೈ ಹಿಡಿದುಕೊಂಡು ನೀರಿಗೆ ಇಳಿದಳು. ತೆರೆ ಬಂದಾಗಲೆಲ್ಲ ಇಬ್ಬರೂ ಹಿಂದಕ್ಕೆ ಓಡಿ ಬಂದು ಸಣ್ಣ ಹುಡುಗಿಯರಂತೆ ನಗುತ್ತಿದ್ದರು. ನಾನು ಮೂವರ ಚಪ್ಪಲಿಯನ್ನೂ ತಂಗಿಯ ಬ್ಯಾಗನ್ನೂ ಕಾಯುತ್ತ ಉಸುಕಿನ ಮೇಲೆ ಕೂತಿದ್ದೆ. "ಅಕ್ಕಾ, ನೀನೂ ಬಾ," ಎಂದು ತಂಗಿ ಕರೆದಳು. "ಬ್ಯಾಗ್ ಯಾರು ನೋಡ್ತಾರ," ಎಂದೆ. ಆಗ ಅವಳು ಬಂದು ಬ್ಯಾಗಿನ ಬಳಿ ಕೂತು ನನ್ನನ್ನು ಕಳಿಸಿದ್ದರೆ ನಾನು ಹೋಗುತ್ತಿದ್ದೆ. ಅವಳು ಬರಲಿಲ್ಲ, ತೆರೆ ಬಂತು, ಇಬ್ಬರೂ ಮತ್ತೆ ಓಡಿದರು.

ತಿರುಗಿ ಬರುವ ಬಸ್ಸು ಖಾಸಗಿಯದು, ಮಲಗುವ ಬಸ್ಸು. ರಜೆಯ ಗದ್ದಲವಿದ್ದದ್ದರಿಂದ ಹಗಲಿಗೂ ಒಂದು ಬಿಟ್ಟಿದ್ದರು. ಕೊಪ್ಪಳದ ಮೇಲೆ ಹಾದು ಗಂಗಾವತಿಗೆ ಹೋಗುವಂಥದು. ಕೆಳಗಿನ ಜೋಡಿ ಹಾಸಿಗೆಯಲ್ಲಿ ನಾನು ಮತ್ತು ಅವ್ವ, ಮೇಲಿನ ಒಂಟಿ ಹಾಸಿಗೆಯಲ್ಲಿ ತಂಗಿ. ಬಿಸಿಲಿನಲ್ಲಿ ಆಡಿದ್ದಕ್ಕೆ ಅವಳಿಗೆ ತಲೆನೋವು ಹತ್ತಿತ್ತು. ಗುಳಿಗೆ ನುಂಗಿ, ಪರದೆ ಎಳೆದುಕೊಂಡು ಮಲಗಿದಳು. ಘಟ್ಟ ಹತ್ತಿದ ಮೇಲೆ, ಯಲ್ಲಾಪುರ ಇನ್ನೂ ಬರಬೇಕು ಎನ್ನುವಾಗ, ಒಂದು ಹೋಟೆಲಿನ ಮುಂದೆ ಬಸ್ಸು ನಿಂತಿತು. ಚಹಾ ಕುಡಿಯುವವರು ಕುಡಿಯಿರಿ, ಬೇಗ ಬನ್ನಿ ಎಂದು ಕ್ಲೀನರ್ ಕೂಗಿದ. ಅವ್ವನಿಗೆ ಪಾಯಖಾನೆಗೆ ಹೋಗಬೇಕಿತ್ತು. ತಂಗಿ ಎದ್ದಾಳೆಂದು ನಮ್ಮ ಪರದೆಯನ್ನು ಮೆಲ್ಲಗೆ ಮುಚ್ಚಿ, ಅವ್ವನ ಕೈ ಹಿಡಿದು ಇಳಿಸಿದೆ. ನನ್ನ ಫೋನು ಹಾಸಿಗೆಯ ಬದಿಯಲ್ಲಿ ಚಾರ್ಜಿಗೆ ಇತ್ತು. ಪರ್ಸು ತಲೆದಿಂಬಿನ ಕೆಳಗೆ. ಅವ್ವ ಫೋನು ಇಟ್ಟುಕೊಂಡವಳೇ ಅಲ್ಲ.

ಹೋಟೆಲಿನ ಹಿಂದೆ ಇಳಿಜಾರು, ಅದಕ್ಕೆ ಕಲ್ಲಿನ ಮೆಟ್ಟಿಲು. ಅವ್ವನ ಮೊಣಕಾಲು ಮೆಟ್ಟಿಲಿಗೆ ಆಗಿಬರುವುದಿಲ್ಲ. ಕೆಳಗೆ ಹೆಂಗಸರ ಸಾಲು ಇತ್ತು. ನಮ್ಮ ಪಾಳಿ ಬಂದು, ಮುಗಿಸಿ, ಒಂದೊಂದೇ ಮೆಟ್ಟಿಲು ಹತ್ತಿ ನಾವು ಮೇಲೆ ಬರುವ ಹೊತ್ತಿಗೆ ಹೋಟೆಲಿನ ಮುಂದೆ ಬಸ್ಸು ಇರಲಿಲ್ಲ. ಬೇರೆ ಕಡೆ ನಿಲ್ಲಿಸಿರಬೇಕೆಂದು ಆ ಬದಿ ಈ ಬದಿ ನೋಡಿದೆ. ರಸ್ತೆಗೆ ಓಡಿದೆ. ತಿರುವಿನಲ್ಲಿ ಒಂದು ಲಾರಿ ಬರುತ್ತಿತ್ತು, ಅಷ್ಟೇ.

ಹೋಟೆಲಿನ ಯಜಮಾನ ಆ ಕಡೆಯ ಮನುಷ್ಯ, ಪಂಚೆ ಉಟ್ಟಿದ್ದ. "ಎಂತ ಆತು? ಬಸ್ ಹೋತ?" ಎಂದು ಕೇಳಿ ತನ್ನ ಫೋನನ್ನೇ ತೆಗೆದು ನನ್ನ ಕೈಗೆ ಕೊಟ್ಟ. ಫೋನು ಹಿಡಿದ ಮೇಲೆ ನನಗೆ ತಿಳಿಯಿತು, ತಂಗಿಯ ನಂಬರು ನನಗೆ ಬಾಯಿಪಾಠ ಇಲ್ಲ. ಗಂಡನ ನಂಬರು ಗೊತ್ತಿತ್ತು, ಆದರೆ ಕುಷ್ಟಗಿಯಲ್ಲಿ ಕೂತು ಅವರೇನು ಬಸ್ಸು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಅವ್ವ ಪಕ್ಕದಲ್ಲಿ ನಿಂತು, ಒಂದು ಅಂಕಿಯೂ ತಡವರಿಸದೆ, ತಂಗಿಯ ನಂಬರನ್ನು ಪಟಪಟನೆ ಹೇಳಿದಳು. ನಾನು ಒತ್ತಿದೆ. ಕಾಡಿನ ದಾರಿ, ವ್ಯಾಪ್ತಿ ಪ್ರದೇಶದ ಹೊರಗೆ ಎಂದಿತು.

"ನಂದೂ ನಂಬರ್ ಹೇಳು, ಅದಕ್ಕರ ಮಾಡೋಣ, ಬಸ್ಸಿನ್ಯಾಗ ಯಾರರ ಎತ್ತಿದ್ರ ಎತ್ಯಾರು," ಎಂದೆ. ಸಿಟ್ಟಿನಲ್ಲಿ ನನಗೆ ನನ್ನದೇ ನಂಬರಿನ ಕೊನೆಯ ಅಂಕಿಗಳು ಅದಲು ಬದಲಾಗುತ್ತಿದ್ದವು.

ಅವ್ವ ಸ್ವಲ್ಪ ಯೋಚಿಸಿ, "ನಿಂದು ನೆನಪಿಲ್ಲವ್ವಾ. ನಿಂದು ಉದ್ದ ಐತಿ," ಎಂದಳು.

ಹೋಟೆಲಿನ ಗೋಡೆಗೆ ಆ ಬಸ್ಸಿನವರ ಚೀಟಿ ಅಂಟಿಸಿತ್ತು. ಅದರಲ್ಲಿದ್ದ ನಂಬರಿಗೆ ಮಾಡಿದೆ. ಒಬ್ಬ ಗಂಡಸು ಎತ್ತಿದ. ನನ್ನ ಮಾತನ್ನೆಲ್ಲ ಕೇಳಿದ. "ಬಸ್ಸು ತಿರುಗಿ ಬರಂಗಿಲ್ರಿ ಬಾಯಾರ. ಟೈಮಿಗೆ ಹತ್ತೋದು ನಿಮ್ಮ ಜವಾಬ್ದಾರಿ. ಹಿಂದಿಂದು ಯಾವದರ ಗಾಡಿ ಹತ್ತಿ ಬರ್ರಿ," ಎಂದ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಅವಳ ಗುಳಿಗೆ, ತಿಂಡಿಯ ಡಬ್ಬಿ ಬಸ್ಸಿನಲ್ಲೇ ಇವೆ, ಡ್ರೈವರನಿಗೆ ಹೇಳಿ ಎಲ್ಲಾದರೂ ನಿಲ್ಲಿಸಿ ಎಂದು ಕೇಳಿಕೊಂಡೆ. "ನೋಡೋಣ್ರಿ," ಎಂದು ಇಟ್ಟುಬಿಟ್ಟ. ಆಮೇಲೆ ಮಾಡಿದರೆ ಎತ್ತಲಿಲ್ಲ.

ಯಜಮಾನ ಅವ್ವನನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಇಡ್ಲಿ ಕೊಟ್ಟ. ಅವಳು ಒಂದನ್ನೇ ತಿಂದು ಬಿಟ್ಟಳು. ರಸ್ತೆಯ ಕಡೆಗೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ನನಗೆ ಅವ್ವ ಒಬ್ಬಳೇ, ಅಷ್ಟು ಹೊತ್ತು, ಯಾರ ಅಡ್ಡಿಯೂ ಇಲ್ಲದೆ ಸಿಕ್ಕದ್ದು ಅಂದೇ ಇರಬೇಕು. ತಂಗಿ ಹುಟ್ಟುವ ಮೊದಲಿನದು ನನಗೆ ನೆನಪಿಲ್ಲ. ಏನಾದರೂ ಮಾತಾಡಿಯಾಳು ಎಂದು ಕಾದೆ. ಮಾತಾಡಿದಳು.

"ಅಕಿ ಎದ್ದಾಗ ನಾವಿಲ್ಲಂದ್ರ ಭಾಳ ಹೆದರ್ತಾಳ. ಸಣ್ಣಾಕಿ ಇದ್ದಾಗಿಂದ ಹಂಗ ಅದಾಳ. ತಲಿನೋವು ಬ್ಯಾರೆ."

"ನಾವು ಬಿಸಲಾಗ ಕುಂತೀವೆವ್ವಾ. ಅಕಿ ಎ.ಸಿ.ಯಾಗ ಮಕ್ಕೊಂಡಾಳ."

"ಅಕಿ ಮೆತ್ತಗ. ನಿನಗೇನು, ನೀ ಗಟ್ಟಿ ಅದೀ," ಎಂದಳು. ಹೊಗಳಿದಂತೆಯೇ ಹೇಳಿದಳು. ಗಟ್ಟಿ ಎನ್ನಿಸಿಕೊಂಡವರಿಗೆ ಯಾರೂ ಏನೂ ಕೊಡಬೇಕಾಗುವುದಿಲ್ಲ. ಆ ಮಾತು ನನಗೆ ಬಿಸಿಲಿಗಿಂತ ಹೆಚ್ಚು ಸುಟ್ಟಿತು.

ಕೊನೆಗೆ ಹುಬ್ಬಳ್ಳಿಯ ಸರಕಾರಿ ಬಸ್ಸೊಂದು ಬಂತು. ಹೋಟೆಲಿನ ಯಜಮಾನ ನನ್ನ ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟು, ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಆಧಾರ್ ತೋರಿಸಬೇಕು. ಅವ್ವ ತನ್ನ ಎಲೆ ಅಡಕೆಯ ಸಂಚಿಯಿಂದ ಮಡಿಸಿದ ಆಧಾರ್ ತೆಗೆದು ಕಂಡಕ್ಟರಿಗೆ ಕೊಟ್ಟಳು. ನನ್ನದು ಪರ್ಸಿನಲ್ಲಿ, ಪರ್ಸು ಆ ಬಸ್ಸಿನಲ್ಲಿ. ನನ್ನ ಕಥೆ ಕೇಳುವಷ್ಟು ಪುರಸೊತ್ತು ಕಂಡಕ್ಟರಿಗೆ ಇರಲಿಲ್ಲ. ನಾನು ಟಿಕೆಟ್ಟು ತೆಗೆಸಿದೆ.

ಕಲಘಟಗಿ ದಾಟುವಾಗ ಅವ್ವ ನನ್ನ ಭುಜದ ಮೇಲೆ ವಾಲಿದಳು. ನಿದ್ದೆ ಎಂದುಕೊಂಡೆ. ಮುಟ್ಟಿದರೆ ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ಬೆಳಿಗ್ಗೆ ಗುಳಿಗೆ ನುಂಗಿದವಳ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿರಲಿಲ್ಲ, ಸಕ್ಕರೆ ಇಳಿದಿತ್ತು. ಮುಂದಿನ ಸೀಟಿನ ಹೆಂಗಸು ತನ್ನ ಮಗುವಿನ ಪೇಡೆಯ ಪೊಟ್ಟಣವನ್ನೇ ಕೊಟ್ಟಳು. ಒಂದೊಂದೇ ಚೂರು ಅವ್ವನ ಬಾಯಲ್ಲಿ ಇಟ್ಟೆ. ನುಂಗು, ನುಂಗು ಎನ್ನುತ್ತ ಅವಳ ಗಲ್ಲ ಹಿಡಿದು ಕೂತೆ. ಆ ಹೊತ್ತು ನನಗೆ ತಂಗಿಯೂ ಬೇಡ, ಬಸ್ಸೂ ಬೇಡ, ಯಾರೂ ನೆನಪಿರಲಿಲ್ಲ. ಹುಬ್ಬಳ್ಳಿಯಲ್ಲಿ ಇಳಿದು ಆಟೋ ಹಿಡಿದು ಹತ್ತಿರದ ಒಂದು ದವಾಖಾನೆಗೆ ಒಯ್ದೆ. ಸಲೈನ್ ಹಚ್ಚಿದರು. ಇನ್ನು ತುಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಅಲ್ಲಿನ ನರ್ಸಿನ ಫೋನಿನಿಂದ ಮತ್ತೆ ತಂಗಿಗೆ ಮಾಡಿದೆ. ನಂಬರು ಈಗ ನನಗೂ ಬಾಯಿಗೆ ಬಂದಿತ್ತು. ಎತ್ತಿದಳು.

ಅವಳಿಗೆ ಎಚ್ಚರವಾದದ್ದು ಹುಬ್ಬಳ್ಳಿ ಸಮೀಪಿಸಿದಾಗ. ಕೆಳಗೆ ಬಗ್ಗಿ ಪರದೆ ಸರಿಸಿ ನೋಡಿದರೆ ಹಾಸಿಗೆ ಖಾಲಿ, ನನ್ನ ಫೋನು ಮಾತ್ರ ಇತ್ತು. ಕೂಗಾಡಿ ಬಸ್ಸು ನಿಲ್ಲಿಸಿದ್ದಾಳೆ. ತಿರುಗಿಸಿ ಎಂದಿದ್ದಾಳೆ. ಡ್ರೈವರ್ ಒಪ್ಪದೆ ಅವಳನ್ನೂ ಮೂವರ ಸಾಮಾನನ್ನೂ ಬೈಪಾಸಿನಲ್ಲಿ ಇಳಿಸಿ ಹೋಗಿದ್ದಾನೆ. ಇಳಿಯುವ ಮೊದಲು, ಇಳಿದ ಮೇಲೆ, ಎಲ್ಲವನ್ನೂ ಅವಳು ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು.

ದವಾಖಾನೆಗೆ ಅವಳು ಬಂದಾಗ ಕಣ್ಣು ಊದಿದ್ದವು, ಕೂದಲು ಬಿಚ್ಚಿಹೋಗಿತ್ತು. ಅವ್ವನ ಕಾಲು ಹಿಡಿದು ಅಳತೊಡಗಿದಳು. ಅವ್ವ ಸೂಜಿ ಚುಚ್ಚದ ಕೈಯಿಂದ ಅವಳ ತಲೆ ಸವರಿ, "ಏನರ ತಿಂದೇನವಾ?" ಎಂದು ಕೇಳಿದಳು. ಬೆಳಿಗ್ಗೆಯಿಂದ ನಾನು ಏನು ತಿಂದೆ ಎಂದು ಅವಳು ಕೇಳಿರಲಿಲ್ಲ. ನಾನು ಹೊರಗೆ ಹೋಗಿ ಬಾಕಿನ ಮೇಲೆ ಕೂತೆ.

ಮರುದಿನ ಊರು ಸೇರಿದೆವು. ನಾನು ಬಂದ ಕೂಡಲೇ ಮಾಡಬೇಕೆಂದುಕೊಂಡ ಕೆಲಸ ಒಂದೇ, ಆ ಹೋಟೆಲಿನವನ ದುಡ್ಡು ಕಳಿಸುವುದು. ನಂಬರು ಹುಡುಕಿ ಫೋನು ಮಾಡಿದೆ. "ಅಯ್ಯೋ, ನಿಮ್ಮ ತಂಗಿಯೋರು ನಿನ್ನೇನೆ ಕಳ್ಸಿದ್ರು. ಬೇಡ ಅಂದ್ರೂ ಜಾಸ್ತಿನೇ ಹಾಕಿದ್ರು. ಭಾರೀ ಒಳ್ಳೆಯೋರು," ಎಂದ. ಹೌದು ಎಂದೆ.

ಅವಳ ವಿಡಿಯೋ ನಮಗಿಂತ ಮೊದಲೇ ಜಿಲ್ಲೆ ಸುತ್ತಿತ್ತು. ಬೈಪಾಸಿನ ಬದಿಯಲ್ಲಿ ಮೂರು ಬ್ಯಾಗುಗಳ ನಡುವೆ ನಿಂತು, "ನಮ್ಮವ್ವನ್ನ ಅಡವ್ಯಾಗ ಬಿಟ್ಟು ಬಂದಾರ್ರಿ ಇವರು, ನೀವ ನೋಡ್ರಿ," ಎಂದು ಅಳುವ ವಿಡಿಯೋ. ನಾನು ನೂರು ಸಲವಾದರೂ ನೋಡಿದ್ದೇನೆ. ಅತ್ತರೂ ಚೆಂದ ಕಾಣುತ್ತಾಳೆ. ತೊಟ್ಟದ್ದು ನಾನು ಹೊಲಿದ ಕುಪ್ಪಸ. ಅವ್ವನನ್ನು ಬಿಟ್ಟರು ಎಂದಳೇ ಹೊರತು ಅಕ್ಕನನ್ನು ಎನ್ನಲಿಲ್ಲ. ಕುಪ್ಪಸ ಹೊಲಿಸಲು ಬಂದ ಹೆಂಗಸೊಬ್ಬಳು ಅಳತೆ ಕೊಡುತ್ತ, "ನಿಮ್ಮ ತಂಗಿ ಭಾಳ ಧೈರ್ಯದಾಕಿರಿ. ಒಬ್ಬಾಕಿನ ಅಷ್ಟು ಮಂದಿ ಗಂಡಸರ ಮುಂದ ನಿಂತಾಳಲ್ಲ. ನೀವೂ ಹೋಗಿದ್ರೇನು ಟ್ರಿಪ್ಪಿಗೆ?" ಎಂದಳು. ಟೇಪನ್ನು ಅವಳ ತೋಳಿಗೆ ಸ್ವಲ್ಪ ಬಿಗಿಯಾಗಿಯೇ ಸುತ್ತಿದೆ.

ಕೇಸು ಹಾಕಿದ್ದು ನನಗೆ ತಿಳಿದದ್ದೂ ನನ್ನ ಗಂಡನಿಂದ. ತಂಗಿಯ ಗಂಡ ಅವರಿಗೆ ಫೋನು ಮಾಡಿದ್ದನಂತೆ. ಕೊಪ್ಪಳದಲ್ಲಿ ಗ್ರಾಹಕರ ದೂರು ಕೇಳುವ ಕೋರ್ಟಿನಲ್ಲಿ ಪರಿಹಾರ ಕೇಳಿ ಅರ್ಜಿ ಹಾಕಿದ್ದಾರೆ, ಅರ್ಜಿದಾರರು ತಂಗಿ ಮತ್ತು ಅವ್ವ. ನಾನು ಆ ಭಾನುವಾರವೇ ಗಂಗಾವತಿಗೆ ಹೋದೆ. ಅವರ ವಕೀಲರು ಮನೆಗೇ ಬಂದಿದ್ದರು. ನನ್ನ ಹೆಸರು ಯಾಕಿಲ್ಲ ಎಂದು ಕೇಳಿದೆ.

"ಟಿಕೆಟ್ ತಗೊಂಡೋರು ಇವರು, ತ್ರಾಸ ಆಗಿದ್ದು ನಿಮ್ಮ ತಾಯಿಯವರಿಗೆ," ಎಂದರು ವಕೀಲರು. "ನೀವು ಸಾಕ್ಷಿ ಆಗ್ರಿ. ಸಾಕ್ಷಿ ಭಾಳ ಮುಖ್ಯರಿ."

"ಅಕ್ಕಾ, ಯಾರ ಹೆಸರಿದ್ರೇನು, ನಾವೆಲ್ಲ ಒಂದಲ್ಲೇನು," ಎಂದಳು ತಂಗಿ. ಆ ಮಾತು ಯಾವಾಗಲೂ ಹೆಸರಿದ್ದವರೇ ಹೇಳುವುದು. ಅವಳ ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟೇ ಇತ್ತು, ಕೆಲಸದಾಕೆ ಪಾತ್ರೆ ತೊಳೆಯುತ್ತಿದ್ದಳು. ಆ ನೀರು ಬೀಳುವ ಸದ್ದು ಕೇಳುತ್ತ ಸಹಿ ಮಾಡಬೇಕಾದಲ್ಲಿ ಸಹಿ ಮಾಡಿ ಬಂದೆ.

ಬಸ್ಸಿನವರು ಉತ್ತರ ಕೊಡಲು ತಿಂಗಳುಗಟ್ಟಲೆ ಎಳೆದರು. ಕೊನೆಗೆ ಕೋರ್ಟಿನಲ್ಲಿ, ಎರಡೂ ಕಡೆಯವರು ಒಪ್ಪಿದರೆ ಒಂದು ಸಲ ಕೂತು ಮಾತಾಡಿ ಎಂದರು. ಅದಕ್ಕೆಂದೇ ಒಂದು ಕೋಣೆ, ಮಧ್ಯಸ್ಥಿಕೆಗೆ ಒಬ್ಬ ಹಿರಿಯ ವಕೀಲೆ. ಆ ದಿನ ನಾನು ಕುಷ್ಟಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಕೊಪ್ಪಳಕ್ಕೆ ಹೋದೆ. ತಂಗಿ ಕಾರಿನಲ್ಲಿ ಯಲಬುರ್ಗಾಕ್ಕೆ ಹೋಗಿ ಅವ್ವನನ್ನು ಕರೆದುಕೊಂಡು ಬಂದಿದ್ದಳು. ಇಬ್ಬರೂ ಇಳಿಯುವಾಗ ಅವ್ವ ಅವಳ ಕೈ ಹಿಡಿದುಕೊಂಡಿದ್ದಳು.

ಮೇಜಿನ ಆ ಬದಿಗೆ ಬಸ್ಸಿನ ಮಾಲೀಕ, ಅವರ ವಕೀಲ, ಮತ್ತು ಅಂದು ಬಸ್ಸಿನಲ್ಲಿದ್ದ ಕ್ಲೀನರ್. ಈ ಬದಿಗೆ ನಾವು ಮೂವರು ಮತ್ತು ನಮ್ಮ ವಕೀಲರು. ನನ್ನ ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದೆ, ಗೋಡೆಗೆ ಹತ್ತಿಕೊಂಡಿತ್ತು. ತಂಗಿ ಮಾತು ಶುರು ಮಾಡಿದಳು. ಚೆನ್ನಾಗಿಯೇ ಹೇಳಿದಳು. ಕಾಡು, ಬಿಸಿಲು, ಅವ್ವನ ಬೆವರು, ನಡುಗುವ ಕೈ, ಪೇಡೆ, ಎಲ್ಲ ಹೇಳಿದಳು. ಅದರಲ್ಲಿ ಒಂದನ್ನೂ ಅವಳು ಕಂಡಿರಲಿಲ್ಲ. ನಾನು ದವಾಖಾನೆಯಲ್ಲಿ ಅವಳಿಗೆ ಹೇಳಿದ ಮಾತುಗಳನ್ನೇ ಹೇಳುತ್ತಿದ್ದಳು, ಅದೂ ನನಗಿಂತ ಚೆನ್ನಾಗಿ. ಮಧ್ಯಸ್ಥಿಕೆಯ ವಕೀಲೆಯ ಮುಖ ಕರಗಿದ್ದು ಕಾಣುತ್ತಿತ್ತು.

ಆಗ ಮಾಲೀಕ ಕ್ಲೀನರನ ಕಡೆ ತಿರುಗಿ, "ಅವತ್ತು ಏನಾತು, ಇದ್ದದ್ದು ಹೇಳು," ಎಂದ.

ಕ್ಲೀನರ್ ನಡುವಯಸ್ಸಿನವನು, ತಲೆ ತಗ್ಗಿಸಿಯೇ ಹೇಳಿದ. "ಬಸ್ಸು ಬಿಡೂಕಿಂತ ಮೊದಲು ನಾ ಒಳಗ ಬಂದು ಕೇಳೀನ್ರಿ. ಕೆಳಗ ಪರದೆ ಮುಚ್ಚಿತ್ತು. ಮ್ಯಾಲ ಈ ಬಾಯಾರು ಇದ್ರು. ನಿಮ್ಮೋರೆಲ್ಲಾ ಬಂದಾರೇನ್ರಿ ಅಂತ ಕೇಳಿದೆ. ಹ್ಞೂಂ, ಬಂದಾರ ಅಂದ್ರು. ಅದಕ್ಕ ರೈಟ್ ಹೇಳಿದೆ."

ಕೋಣೆಯಲ್ಲಿ ಎಲ್ಲರೂ ತಂಗಿಯನ್ನು ನೋಡಿದರು. ಅವಳ ಮುಖ ಬಿಳಿಚಿತು. ಇಲ್ಲ ಎನ್ನಲಿಲ್ಲ. ಇಷ್ಟು ತಿಂಗಳಲ್ಲಿ ಈ ಮಾತನ್ನು ಅವಳು ನಮ್ಮ ಯಾರಿಗೂ ಹೇಳಿರಲಿಲ್ಲ. ನನ್ನೊಳಗೆ ತಂಪು ಇಳಿದಂತಾಯಿತು. ಬಿಸಿಲಲ್ಲಿ ನಡೆದು ಬಂದವರು ಮಡಕೆಯ ನೀರು ಕುಡಿದಾಗ ಎದೆಯಲ್ಲಿ ಇಳಿಯುತ್ತದಲ್ಲ, ಹಾಗೆ. ಇನ್ನು ಅವ್ವ ಏನು ಹೇಳುತ್ತಾಳೆ ನೋಡೋಣ ಎಂದು ಅವಳ ಕಡೆ ತಿರುಗಿದೆ.

ಅವ್ವನಿಗೆ ಯೋಚಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. "ಅಕಿಗೆ ತಲಿನೋವಿತ್ರಿ," ಎಂದಳು. "ಗುಳಿಗಿ ತಗೊಂಡು ಮಕ್ಕೊಂಡಿದ್ಲು. ನಿದ್ದಿಗಣ್ಣಾಗ ಹ್ಞೂಂ ಅಂದ್ರ ಅದನ್ನೇನು ಹಿಡಕೊಂಡು ಕುಂದರ್ತೀರಿ."

ಮಾಲೀಕ ನಕ್ಕ. "ಹಂಗಂದ್ರ ತಪ್ಪು ನಿಮ್ಮ ಮನಿಯವರದ ಆತಲ್ರಿ ಯಜಮಾನ್ತಿ. ನಮ್ಮ ಮ್ಯಾಲ ಯಾಕ ಕೇಸ್?"

ನಮ್ಮ ವಕೀಲರು ಕಾಗದ ತಿರುವತೊಡಗಿದರು. ತಂಗಿ ಸೆರಗಿನ ಅಂಚು ಹಿಡಿದು ಕೂತಿದ್ದಳು, ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವಳು ಸೋಲುವುದನ್ನು ನೋಡಲು ನನಗೆ ಅಷ್ಟು ವರ್ಷಗಳಿಂದ ಆಸೆಯಿತ್ತು. ಆದರೆ ಅವನು ನಕ್ಕಾಗ ನನಗೆ ಬೇರೆಯದೇ ಒಂದು ಹೊಳೆಯಿತು. ಇದು ಅಕ್ಕ ತಂಗಿಯರ ಮನೆಯ ಜಗಳವೆಂದು ಎಲ್ಲರೂ ಎದ್ದು ಹೋದರೆ, ಆ ರಸ್ತೆಯ ಬದಿಯಲ್ಲಿ ನಾನು ನಿಂತದ್ದು, ಅವ್ವನ ಗಲ್ಲ ಹಿಡಿದು ಕೂತದ್ದು, ಯಾರ ಲೆಕ್ಕಕ್ಕೂ ಬರದೆ ಹೋಗುತ್ತದೆ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡೆ.

"ಅಕಿ ನಿಮ್ಮ ಬಸ್ಸಿನ ಕೆಲಸದಾಕಿ ಅಲ್ರಿ," ಎಂದೆ. "ರೊಕ್ಕ ಕೊಟ್ಟು ಮಕ್ಕೊಂಡಾಕಿ. ಮಂದಿ ಎಣಸೋದು ನಿಮ್ಮ ಕೆಲಸ. ಪರದೆ ಸರಿಸಿ ನೋಡಾಕ ಎಷ್ಟೊತ್ತು ಹಿಡೀತಿತ್ತು? ಅದು ಹೋಗ್ಲಿ ಬಿಡ್ರಿ. ಹೋಟೆಲ್ಲಿಂದ ನಿಮ್ಮ ಆಫೀಸಿಗೆ ಫೋನ್ ಮಾಡಿದಾಕಿ ನಾನು. ನಮ್ಮವ್ವಗ ಸಕ್ಕರಿ ಬ್ಯಾನಿ ಐತಿ, ಗುಳಿಗಿ ಬಸ್ಸಿನ್ಯಾಗ ಅದಾವು, ಮುಂದ ಎಲ್ಲರ ನಿಂದ್ರಸ್ರಿ ಅಂದೆ. ಬಸ್ಸು ತಿರುಗಿ ಬರಂಗಿಲ್ಲ ಅಂತ ಹೇಳಿ ಫೋನ್ ಇಟ್ರು. ಆಮ್ಯಾಲ ಎತ್ತಲಿಲ್ಲ. ಅವಾಗ ಈಕಿ ನಿದ್ದಿಯೊಳಗಿದ್ಲು, ನಾ ಎಚ್ಚರ ಇದ್ದೆ. ನನಗ ಉತ್ತರ ಕೊಡ್ರಿ. ಫೋನ್ ಎತ್ತಿದವರು ಯಾರು?"

ಮಾಲೀಕ ನಗುವುದನ್ನು ನಿಲ್ಲಿಸಿದ. ಅಂದು ಫೋನಿನಲ್ಲಿ ಕೇಳಿದ ಧ್ವನಿ ಅವನದೇ ಎಂದು ನನಗೆ ಆಗಲೇ ಗುರುತು ಸಿಕ್ಕಿತ್ತು.

"ನಾನ ಎತ್ತಿದ್ದೆ," ಎಂದ. "ರಜಾದ ಗದ್ದಲ ಇತ್ರಿ. ಎಲ್ಲಾ ಬಸ್ಸಿಂದೂ ಒಂದೊಂದು ರಗಳಿ."

"ಡ್ರೈವರ್‌ಗೆ ಫೋನ್ ಮಾಡಿದ್ರೇನು?" ಎಂದು ಮಧ್ಯಸ್ಥಿಕೆಯ ವಕೀಲೆ ಕೇಳಿದರು.

ಮಾಡಿರಲಿಲ್ಲ. ಅದು ಅವನ ಮುಖದಲ್ಲೇ ಇತ್ತು. ಆಮೇಲೆ ವಕೀಲೆ ನನ್ನ ಕಡೆ ತಿರುಗಿ, ಮೊದಲಿಂದ ಹೇಳಿ ಎಂದರು. ನಾನು ಹೇಳಿದೆ. ಮೆಟ್ಟಿಲು, ಹೆಂಗಸರ ಸಾಲು, ಖಾಲಿ ರಸ್ತೆ, ಟಿಕೆಟ್ಟು, ಅವ್ವ ನನ್ನ ಭುಜದ ಮೇಲೆ ವಾಲಿದ್ದು. ತಂಗಿಯಷ್ಟು ಚೆಂದ ಹೇಳಲಿಲ್ಲ, ನಡುನಡುವೆ ನಿಲ್ಲಿಸಿ ನೆನಪು ಮಾಡಿಕೊಂಡು ಹೇಳಿದೆ. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ತಂಗಿಯೂ. ಸುಳ್ಳು ಯಾಕೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಮಾತಾಡಿದೆ.

ಆ ಮಧ್ಯಾಹ್ನವೇ ರಾಜಿಯಾಯಿತು. ದವಾಖಾನೆಯ ಖರ್ಚು, ಮೂವರ ಟಿಕೆಟ್ಟು, ಅದರ ಮೇಲೆ ಅವ್ವನಿಗೆ ಆದ ತ್ರಾಸಿಗೆ ಒಂದು ಮೊತ್ತ. ಎಲ್ಲವನ್ನೂ ಅವ್ವನ ಹೆಸರಿಗೇ ಕೊಡಲಿ ಎಂದು ತಂಗಿ ಹೇಳಿದಳು, ನಾನೂ ಒಪ್ಪಿದೆ. ಬಾಯಿಮಾತಿನಲ್ಲಿ ಕ್ಷಮೆಯನ್ನೂ ಕೇಳಬೇಕು ಎಂದರು ವಕೀಲೆ. ಮಾಲೀಕ ಎದ್ದು ನಿಂತು ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಅಕ್ಕಾರ, ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದ. ಅವನು ಕೈ ಮುಗಿದದ್ದು ತಂಗಿಗೆ. ಕೇಸು ಹಾಕಿದವಳು ಅವಳಲ್ಲವೇ.

ಹೊರಗೆ ಬಂದ ಮೇಲೆ, ಅವ್ವ ಕಾರಿನಲ್ಲಿ ಕೂತಿದ್ದಾಗ, ತಂಗಿ ನನ್ನ ಹತ್ತಿರ ಬಂದಳು.

"ಹ್ಞೂಂ ಅಂದಿದ್ದು ನನಗ ಖರೇನ ನೆನಪಿಲ್ಲಕ್ಕಾ. ಅಂದಿರಬಹುದು ಅಂತ ಅವತ್ತಿಂದ ಹೆದರಿಕಿ ಇತ್ತು. ನೀ ಇವತ್ತು ಮಾತಾಡಲಿಲ್ಲಂದ್ರ..."

"ನಿನ್ನ ಸಲುವಾಗಿ ಮಾತಾಡಲಿಲ್ಲ," ಎಂದೆ.

"ಗೊತ್ತೈತಿ," ಎಂದಳು. ಕಾರಿನಲ್ಲಿ ಬಾ, ಕುಷ್ಟಗಿಗೆ ಬಿಡುತ್ತೇನೆ ಎಂದಳು. ಬೇಡ ಎನ್ನಬೇಕೆಂದಿದ್ದೆ. ಆದರೆ ಬಿಸಿಲಿತ್ತು, ಮತ್ತು ಮುಂದಿನ ಸೀಟು ಖಾಲಿಯಿತ್ತು. ಕೂತೆ. ದಾರಿಯುದ್ದಕ್ಕೂ ಅವ್ವ ಹಿಂದಿನ ಸೀಟಿನಿಂದ ಕೇಸಿನ ಕಥೆಯನ್ನು ತಂಗಿಯ ಫೋನಿನಲ್ಲಿ ಅಣ್ಣನಿಗೆ ಹೇಳುತ್ತಿದ್ದಳು. "ಸಣ್ಣಾಕಿ ಬಿಡಲಿಲ್ಲ ನೋಡು, ಗೆದ್ದ ಬಿಟ್ಲು," ಎಂದಳು. ತಂಗಿ ಸ್ಟೇರಿಂಗ್ ಹಿಡಿದುಕೊಂಡೇ, "ಅಕ್ಕ ಗೆದ್ಲವ್ವಾ, ನಾ ಅಲ್ಲ," ಎಂದಳು. "ಹೂಂ, ಅಕಿನೂ ಮಾತಾಡಿದ್ಲು," ಎಂದಳು ಅವ್ವ ಫೋನಿಗೆ. ತಂಗಿ ಹಾಗೆ ಹೇಳಿದ್ದು ನನಗೆ ಇನ್ನೂ ಹೆಚ್ಚು ಸಿಟ್ಟು ತಂದಿತು. ದೊಡ್ಡ ಮನಸ್ಸೂ ಅವಳದೇ ಆಗಿಬಿಟ್ಟಿತು.

ಪರಿಹಾರದ ಚೆಕ್ಕು ಕೆಲವು ವಾರಗಳ ನಂತರ ಬಂತು. ಅದರಲ್ಲಿ ಅವ್ವ ಏನು ಮಾಡುತ್ತಾಳೆ ಎಂದು ನಾವಿಬ್ಬರೂ, ಒಬ್ಬರಿಗೊಬ್ಬರು ತೋರಿಸಿಕೊಳ್ಳದೆ, ಕಾಯುತ್ತಿದ್ದೆವು. ತಂಗಿಗೆ ಏನಾದರೂ ಮಾಡಿಸಿಕೊಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅಕ್ಕನಿಗೆ ಕೊಡಬಹುದು ಎಂದು ತಂಗಿ ಅಂದುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಒಂದು ಬೆಳಿಗ್ಗೆ ತಂಗಿಯ ಫೋನು ಬಂತು. "ಅಕ್ಕಾ, ಸುದ್ದಿ ಗೊತ್ತಾತೇನು? ಅವ್ವ ಪಂಢರಪುರಕ್ಕ ಹೋಗ್ಯಾಳ. ರೈಲಿನ್ಯಾಗ."

"ಯಾರ ಸಂಗಾಟ?"

"ವೈನಿ ಸಂಗಾಟ. ಇಬ್ಬರ. ಅಣ್ಣ ಈಗ ಹೇಳಿದ."

ನಾನು ಮಷೀನು ನಿಲ್ಲಿಸಿದೆ. ವೈನಿ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಂಗಡಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ನಾವು ಸಮುದ್ರಕ್ಕೆ ಹೋದಾಗಲೂ ಸಕ್ಕರೆ, ಬೇಳೆ ತೂಗಿಕೊಡುತ್ತ ಗಲ್ಲೆಯ ಪಕ್ಕದಲ್ಲಿ ನಿಂತವಳು ಅವಳೇ. ಅವಳ ನೆನಪು ನಮಗೆ ಇಬ್ಬರಿಗೂ ಬಂದಿರಲಿಲ್ಲ.

"ನಮಗೊಂದು ಮಾತು ಹೇಳಬೇಕಿಲ್ಲೇನು," ಎಂದೆ.

"ವೈನಿ ಫೋನಿಗೆ ಮಾಡಿ ಅವ್ವಗ ಕೇಳಿದೆ. ನಿಮ್ಮಿಬ್ಬರ ಸಂಗಾಟ ಹೋದ್ರ ಬರೀ ರಗಳಿ ಆಗತೈತಿ, ಇಕಿ ಸಂಗಾಟ ಆರಾಮ ಐತಿ ಅಂದ್ಲು. ಹಿಂದ ವೈನಿ ನಗೋದು ಕೇಳಸ್ತು."

ನಾನು ಮಷೀನಿನ ಮೇಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕೆ ಇಟ್ಟೆ. ನಂತರ ತಂಗಿಯೇ ಮಾತು ತೆಗೆದಳು. "ವೈನಿ ಫೋಟೋ ಹಾಕ್ಯಾಳ ನೋಡು. ಅವ್ವ ಅಕಿ ತೊಡಿ ಮ್ಯಾಲ ತಲಿ ಇಟ್ಕೊಂಡು ಮಲಗ್ಯಾಳ. ನನ್ನ ತೊಡಿ ಮ್ಯಾಲ ಯಾವತ್ತರ ಮಲಗ್ಯಾಳೇನು?"

"ನನ್ನ ತೊಡಿ ಮ್ಯಾಲನೂ ಇಲ್ಲ," ಎಂದೆ.

"ವೈನಿ ಉಟ್ಟಿದ್ದು ಹೊಸಾ ಸೀರಿ ಅನಸ್ತೈತಿ."

ಫೋನನ್ನು ಕಿವಿಯಿಂದ ತೆಗೆದು ಫೋಟೋ ತೆರೆದೆ. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಹಸಿರು ಇಳಕಲ್ ಸೀರೆ, ಅಂಚು ಇನ್ನೂ ಗರಿಗರಿಯಾಗಿತ್ತು. ಅವ್ವ ಬಾಯಿ ತುಸು ತೆರೆದುಕೊಂಡು, ಯಾವ ಚಿಂತೆಯೂ ಇಲ್ಲದವಳಂತೆ ನಿದ್ದೆ ಮಾಡುತ್ತಿದ್ದಳು.

"ಹೊಸದ," ಎಂದೆ ತಂಗಿಗೆ. "ಕು‌ಪ್ಪಸ ಮಾತ್ರ ಸರಿಯಾಗಿ ಕುಂತಿಲ್ಲ. ಯಾರ ಹತ್ರ ಹೊಲಿಸ್ಯಾಳೋ ಏನೋ."

ತಂಗಿಗೆ ಅದು ಬಹಳ ಸಮಾಧಾನ ಕೊಟ್ಟಿತು. ಅಂದು ನಾವು ಊಟದ ಹೊತ್ತಿನ ತನಕ ಮಾತಾಡಿದೆವು.